ಗೆಶೆಯ ಬೈಗುಳಕ್ಕೆ ಕಾವಲು

ಇನ್ನೂ ಸರಿಯಾಗಿ ಬೆಳಗಾಗಿಲ್ಲ. ಉತ್ತರ ಜರ್ಮನಿಯ ನಮ್ಮ ಬಂದರೂರಿನ ಪತ್ರಾಗಾರದಲ್ಲಿ, ಮೂಡಣ ಕಿಟಕಿಯ ಪಕ್ಕ, ಟಾಲ್ಕೆ ಹಾರ್ಮ್ಸೆನ್ ಬೆರಳಿಲ್ಲದ ಕೈಗವಸು ತೊಟ್ಟು ಕೂತಿದ್ದಾರೆ. ಎಳೆಬಿಸಿಲು ಓರೆಯಾಗಿ ಬಿದ್ದರೆ ಮಾತ್ರ ನಾನೂರು ವರ್ಷದ ಹಳೆಯ ನ್ಯಾಯಾಲಯ ದಾಖಲೆಯ ಶಾಯಿ ಕಣ್ಣಿಗೆ ಸಿಗುತ್ತದೆ. ದೀಪ ಹಾಕಿದರೆ ಬರೀ ಕಂದು ಕಲೆ.

“ಸಿಕ್ಕಿದ್ಲು ನೋಡಿ!” ಎನ್ನುತ್ತಾರೆ ನನ್ನತ್ತ ತಿರುಗಿ. ಸಿಕ್ಕವಳು ಮೀನು ಮಾರುತ್ತಿದ್ದ ಗೆಶೆ. ತೂಕದ ಅಧಿಕಾರಿಯನ್ನು ಸಂತೆಯಲ್ಲಿ ‘ಲ್ಯೋಗನ್‌ಬ್ಯೂಡೆಲ್’, ಅಂದರೆ ಸುಳ್ಳಿನ ಚೀಲ, ಎಂದು ಬೈದು ನ್ಯಾಯಾಲಯದ ಕಟಕಟೆ ಹತ್ತಿದವಳು.

ಹಳೆಯ ಹಸ್ತಪ್ರತಿಗಳಲ್ಲಿ ಜರ್ಮನ್ ಭಾಷೆ ಹೇಗೆ ಹೊರಳಿತೆಂದು ಹುಡುಕುವುದೇ ಟಾಲ್ಕೆಯವರ ಕೆಲಸ. ಗೆಶೆಯ ಕಾಲಕ್ಕೆ ನಮ್ಮ ಗುಮಾಸ್ತರು ಮನೆಮಾತು ಪ್ಲಾಟ್ ಬಿಟ್ಟು, ದಕ್ಷಿಣದ ದೊಡ್ಡವರ ಜರ್ಮನ್ನಿನಲ್ಲಿ ಬರೆಯತೊಡಗಿದ್ದರು. ಬೈಗುಳ ಬಂದಾಗ ಮಾತ್ರ ಆ ಜಂಬ ನಡೆಯುತ್ತಿರಲಿಲ್ಲ. ಬೈದದ್ದನ್ನು ಬೈದ ಹಾಗೆಯೇ, ಪ್ಲಾಟ್‌ನಲ್ಲೇ, ಬರೆದರಷ್ಟೇ ದಂಡ ಹಾಕಬಹುದಿತ್ತು.

“ಪ್ರಾರ್ಥನೆ ಭಾಷೆ ಬದಲಾಯ್ತು, ಕಾನೂನಿನ ಭಾಷೆ ಬದಲಾಯ್ತು. ಬೈಗುಳ ಮಾತ್ರ ಜಗ್ಗಲಿಲ್ಲ ನೋಡಿ,” ಎಂದು ನಗುತ್ತಾರೆ.

ಊರಲ್ಲಿ ಇವರ ಹೆಸರೇ ‘ಬೈಗುಳದಮ್ಮ’. ಕೆಲಸ ವರ್ಷ ವರ್ಷ ಹೊಸದಾಗಿ ಸಿಗಬೇಕು, ಕೋಣೆಯ ಹೀಟರ್ ಕೆಟ್ಟು ಕೂತಿದೆ, ಕಣ್ಣೂ ಸೋಲುತ್ತಿದೆ. ಅದಾವುದನ್ನೂ ಅವರು ದೂರುವುದಿಲ್ಲ. ಅಜ್ಜಿಯ ಮಾತು ಬಂದಾಗ ಮಾತ್ರ ದನಿ ಗಡುಸಾಗುತ್ತದೆ. “ಶಾಲೇಲಿ ಪ್ಲಾಟ್ ಆಡಿದ್ಕೆ ಮೇಷ್ಟ್ರು ಗೆಣ್ಣಿಗೆ ಹೊಡೀತಿದ್ರಂತೆ. ಆಮೇಲೆ ಅಜ್ಜಿ ತನ್ನ ಮಕ್ಕಳ ಹತ್ರಾನೂ ಆ ಮಾತು ಆಡ್ಲಿಲ್ಲ. ಗೆಶೆ ಬಾಯಿ ನಾನು ಮುಚ್ಚಿಸ್ಬೇಕಾ?”

ಮುಚ್ಚಿಸು ಎನ್ನುವವರು ಬಾಗಿಲಲ್ಲೇ ಇದ್ದಾರೆ. ಊರ ಉತ್ಸವಕ್ಕೆ ಈ ಹಸ್ತಪ್ರತಿ ಪುಸ್ತಕವಾಗುತ್ತಿದೆ. ಅದರ ಸಮಿತಿಯ ಅಧ್ಯಕ್ಷ ಹಿನ್ನೆರ್ಕ್ ಬೇನ್ಕೆ, ಟಾಲ್ಕೆಯ ಶಾಲಾ ಸಹಪಾಠಿ. ಈ ಸಮಿತಿಗಳಿಗೆ ಹಳೆಯದೆಲ್ಲ ಬೇಕು, ಸೋಪು ಹಾಕಿ ತೊಳೆದಿರಬೇಕು ಅಷ್ಟೆ!

“ಸತ್ತ ಮಾತು ಕಣೇ ಅದು,” ಎನ್ನುತ್ತಾನೆ. “ಯಾರಿಗೆ ಅರ್ಥ ಆಗುತ್ತೆ? ಶಾಲೆ ಜರ್ಮನ್ನಲ್ಲಿ ‘ಸುಳ್ಳುಗಾರ’ ಅಂತ ಹಾಕು. ಇಲ್ದಿದ್ರೆ ಮುಂದಿನ ವರ್ಷ ನಿನ್ನ ಕೆಲಸ ಉಳಿಯೋದು ಕಷ್ಟ.”

“ಕೆಲಸ ಬೇಕಾದ್ರೆ ಕಿತ್ಕೋ. ಒಂದಕ್ಷರ ತಿದ್ದಲ್ಲ. ಅಷ್ಟಕ್ಕೂ ಹೋದ ವಾರ ಸಭೇಲಿ ನೀನೇ ಒಪ್ಪಿದ್ಯಲ್ಲೋ, ಹಾಗೇ ಇರ್ಲಿ ಅಂತ.”

“ನಾನಾ? ಯಾವಾಗ?”

“ಎಲ್ಲರ ಮುಂದೆ. ನನ್ನ ಕೈ ಬೇರೆ ಕುಲುಕಿದ್ಯಲ್ಲ.”

ಹಿನ್ನೆರ್ಕನ ಮುಖ ಕೆಂಪೇರುತ್ತದೆ. “ಲ್ಯೋಗನ್‌ಬ್ಯೂಡೆಲ್!” ಎಂದು ಮೇಜು ಗುದ್ದುತ್ತಾನೆ.

ಟಾಲ್ಕೆ ಕನ್ನಡಕ ತೆಗೆದು ಅವನನ್ನೇ ನೋಡುತ್ತಾರೆ.

“ಹೌದು, ಸುಳ್ಳೇ ಹೇಳ್ದೆ. ನೀನು ಒಪ್ಪಿರ್ಲಿಲ್ಲ. ಸತ್ತ ಮಾತು ಎಷ್ಟು ಜೋರಾಗಿ ಉಸಿರಾಡುತ್ತೆ ಅಂತ ಕೇಳ್ಬೇಕಿತ್ತು.”

ಹಿನ್ನೆರ್ಕ್ ಕುರ್ಚಿಯಲ್ಲಿ ಕುಸಿಯುತ್ತಾನೆ. “ನಮ್ಮಜ್ಜ ಹೀಗೇ ಬೈತಿದ್ದ,” ಎನ್ನುತ್ತಾನೆ ಮೆಲ್ಲಗೆ. ಟಾಲ್ಕೆ ಅವನ ಲೋಟಕ್ಕೆ ಕಲ್ಲುಸಕ್ಕರೆ ಹಾಕಿ ಚಹಾ ಬಗ್ಗಿಸುತ್ತಾರೆ. ಎರಡು ಗುಟುಕು ಕುಡಿದು ಅವನೇ ಸೋಲೊಪ್ಪುತ್ತಾನೆ: “ಇರ್ಲಿ ಬಿಡು. ಕೆಳಗೆ ಅರ್ಥ ಆದ್ರೂ ಹಾಕೇ, ಮಾರಾಯ್ತಿ.”

“ಅರ್ಥ ಸಣ್ಣಕ್ಷರದಲ್ಲಿ ಹಾಕ್ತೀನಿ,” ಎನ್ನುತ್ತಾರೆ ಟಾಲ್ಕೆ, ಮತ್ತೆ ಕಿಟಕಿಯತ್ತ ಹಾಳೆ ಓರೆ ಮಾಡುತ್ತ. “ಬೈಗುಳ ದಪ್ಪಕ್ಷರದಲ್ಲೇ ಬರ್ಬೇಕು.”