ಅಮ್ಮನನ್ನು ಬಿಟ್ಟು ಆಡಿದ ನಾಟಕ

ಚಿತ್ರದುರ್ಗದಲ್ಲಿ ನಾಟಕ ಆಡಲು ಅಪ್ಪನ ಒಪ್ಪಿಗೆ ಕೇಳಿದ್ದು ಫೋನಿನಲ್ಲಿ. ಎದುರು ಕೂತು ಕೇಳುವ ಧೈರ್ಯ ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ. ಅದು ಏಕವ್ಯಕ್ತಿ ನಾಟಕ. ಗಂಡಸೊಬ್ಬನನ್ನು ಪ್ರೀತಿಸಿದ ಅಪ್ಪನ ಮನೆಯಲ್ಲಿ ಮಗಳೊಬ್ಬಳು ಬೆಳೆದ ಕಥೆ. ಆ ಅಪ್ಪ ನನ್ನ ಅಪ್ಪನೇ, ಮಗಳು ನಾನೇ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಆಡುವಾಗ ಯಾವ ಹೆದರಿಕೆಯೂ ಇರಲಿಲ್ಲ, ಅಲ್ಲಿ ಅಪ್ಪನ ಬಸ್ಸು ಹತ್ತಿದವರು ಯಾರೂ ಇರುವುದಿಲ್ಲವಲ್ಲ. ಚಿತ್ರದುರ್ಗದಲ್ಲಿ ಹಾಗಲ್ಲ. ಅಲ್ಲಿ ಟಿಕೆಟ್ ತೆಗೆದುಕೊಳ್ಳುವ ಅರ್ಧ ಜನ ಒಂದು ಕಾಲದಲ್ಲಿ ಅವನ ಬಸ್ಸಿನಲ್ಲಿ ಜೋತುಬಿದ್ದು ಹೋದವರೇ.

ಬೇಡ ಅನ್ನುತ್ತಾನೆ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಬೇಡ ಅನ್ನಲಿ ಎಂದೇ ಕೇಳಿದ್ದೆ. ಅಪ್ಪ ಹೇಳಿದ: "ನಂದು ಏನ್ ಬೇಕಾದ್ರೂ ಹೇಳ್ಕಳವ್ವ. ಇನ್ನೇನೈತೆ ನಂದು. ನಿಮ್ಮಮ್ಮನ್ನ ಮಾತ್ರ ಅದ್ರಾಗೆ ತರಬ್ಯಾಡ. ಮಾತು ಕೊಡು."

ಕೊಟ್ಟೆ. ಫೋನಿಟ್ಟ ಮೇಲೆ ತಲೆ ಓಡಿತು. ಅಮ್ಮನನ್ನು ತೆಗೆದರೆ ಆ ನಾಟಕದಲ್ಲಿ ಉಳಿಯುವುದು ಒಂದು ಬಸ್ಸು ಮಾತ್ರ.

ಅಪ್ಪ ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದ. ನಾನು ಪ್ರೈಮರಿ ಶಾಲೆಯಲ್ಲಿರುವಾಗ ತಾಳ್ಯದ ಕಡೆಯವನೊಬ್ಬ ಅದಕ್ಕೆ ಕಂಡಕ್ಟರ್ ಆಗಿ ಬಂದ. ಅಪ್ಪನಿಗಿಂತ ಚಿಕ್ಕವನು, ಮಾತು ಕಮ್ಮಿ, ನಮ್ಮ ಜನವೇ. ಅಪ್ಪ ಪ್ರೀತಿಸಿದ್ದು ಅವನನ್ನು. ಇಬ್ಬರೂ ಬೆಳಗಿನಿಂದ ಸಂಜೆವರೆಗೆ ಒಂದೇ ಬಸ್ಸಿನಲ್ಲಿರುತ್ತಿದ್ದರು, ಆದರೆ ಒಬ್ಬ ಮುಂದೆ, ಇನ್ನೊಬ್ಬ ಹಿಂದೆ, ನಡುವೆ ಬಸ್ಸು ತುಂಬ ಜನ. ಮಾತು ಅಂದರೆ ಸೀಟಿ. ಹೊಳಲ್ಕೆರೆ ನಿಲ್ದಾಣದಲ್ಲಿ ಚಹಾ ಕುಡಿಯುವ ಹೊತ್ತಷ್ಟೇ ಅಕ್ಕಪಕ್ಕ ನಿಲ್ಲಲು ಸಿಗುತ್ತಿತ್ತು, ಅದೂ ಬಿಸಿಲಲ್ಲಿ, ಎಲ್ಲರ ಕಣ್ಣೆದುರು. ಒಳ್ಳೆ ಜೋಡಿ ಎಂದು ಜನ ಹೊಗಳುತ್ತಿದ್ದರು. ಬಸ್ಸು ಟೈಮಿಗೆ ಸರಿಯಾಗಿ ಓಡುತ್ತಿತ್ತು, ಅವರಿಗೆ ಬೇಕಾದದ್ದು ಅಷ್ಟೇ.

ಒಮ್ಮೆ ಬಸ್ಸಿನ ಮಾಲೀಕ ಆ ಕಂಡಕ್ಟರನನ್ನು ಹಿರಿಯೂರಿನ ಬಸ್ಸಿಗೆ ಹಾಕಿದ. ಅಪ್ಪ ಊಟ ಬಿಟ್ಟ. ಕೈ ತೋರಿಸಿ ನಿಂತವರನ್ನು ಬಿಟ್ಟು ಬಸ್ಸು ಓಡಿಸಿಕೊಂಡು ಹೋದ. ಕೊನೆಗೆ ಮಾಲೀಕನೇ ಬೇಸತ್ತು ಅವನನ್ನು ವಾಪಸ್ಸು ಕಳಿಸಿದ. ಆ ಮೇಲೆ ಬೀದಿಯಲ್ಲಿ ಗುಸುಗುಸು ಶುರುವಾಯಿತು. ಮದುವೆಯಾಗದವನು ಸಂಸಾರಸ್ಥರ ಮನೆಗೆ ಯಾಕೆ ಇಷ್ಟು ಬರುತ್ತಾನೆ ಎಂದು.

ಅದೇ ವರ್ಷ ಪಂಚಮಿ ಹಬ್ಬಕ್ಕೆ ಅಮ್ಮ ಅವನನ್ನು ಮನೆಗೆ ಕರೆಸಿದಳು. ಅವಳಿಗೆ ಒಡಹುಟ್ಟಿದವರಿಲ್ಲ. ಹುತ್ತಕ್ಕೆ ಹಾಲೆರೆದು ಬಂದವಳು ಅವನ ಅಂಗಿ ಬಿಚ್ಚಿಸಿ, ಬೀದಿಗೆ ಕಾಣುವಂತೆ ಮನೆ ಮುಂದಿನ ಕಟ್ಟೆಯ ಮೇಲೆ ಕೂರಿಸಿದಳು. ಹಾಲಿನಲ್ಲಿ ಹೂವು ಅದ್ದಿ ಅವನ ಬೆನ್ನಿಗೆ ಸವರಿದಳು. ನಮ್ಮ ಕಡೆ ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಮಾಡುವುದು ಅದು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವತ್ತಿನಿಂದ ಅವನು ಅಮ್ಮನಿಗೆ ತಮ್ಮ, ಅಪ್ಪನಿಗೆ ಬಾಮೈದ, ನನಗೆ ಮಾಮ. ಬೀದಿಯ ಬಾಯಿ ಮುಚ್ಚಿತು. ಹೆಂಡತಿಯ ತಮ್ಮ ಮನೆಗೆ ಬಂದರೆ ಯಾರು ಏನನ್ನುತ್ತಾರೆ? ಅವನಿಗೆ ಹಿತ್ತಲ ಕೋಣೆ ಕೊಟ್ಟರು. ಅಮ್ಮ ಅವರಿಬ್ಬರಿಗೆ ಬಾಗಿಲು ತೆಗೆದಳೋ ಹೊರಗಿನಿಂದ ಚಿಲಕ ಹಾಕಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಇದ್ದೀತು. ಮೂವರೂ ಆ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಳಿದುಬಿಟ್ಟರು, ಮಧ್ಯದಲ್ಲಿ ನಾನು.

ಹೊಳಲ್ಕೆರೆಯಲ್ಲಿ ನನ್ನ ಡಿಗ್ರಿ ಮುಗಿಯುವ ಹೊತ್ತಿಗೆ ಈ ಉಪಾಯ ನನ್ನ ಕೊರಳಿಗೇ ಬಂತು. ನೆಂಟರೆಲ್ಲ ಕೂಡಿ ಲೆಕ್ಕ ಹಾಕಿದರು. ಸೋದರಮಾವ ಮನೆಯಲ್ಲೇ ಇದ್ದಾನೆ, ಕುಡಿಯುವುದಿಲ್ಲ, ಮದುವೆಯಾಗಿಲ್ಲ, ಹೊರಗೆ ಗಂಡು ಹುಡುಕುವುದೇಕೆ? ಹತ್ತಿರದ ರಕ್ತವೂ ಅಲ್ಲ, ಡಾಕ್ಟರೂ ಬೇಡ ಅನ್ನುವುದಿಲ್ಲ ಎಂದ ಒಬ್ಬ ಬುದ್ಧಿವಂತ. ಬೆಂಗಳೂರಿನ ಪ್ರೇಕ್ಷಕರು ಈ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಅವತ್ತು ನಗು ಬರಲಿಲ್ಲ.

ಅಜ್ಜಿ, ಅಂದರೆ ಅಪ್ಪನ ತಾಯಿ, ತಾಂಬೂಲದ ದಿನವನ್ನೂ ನೋಡಿಸಿಬಿಟ್ಟಳು. ಯಾಕೆ ಬೇಡ ಎಂದು ಅಪ್ಪ ಹೇಳುವಂತಿಲ್ಲ. ಮಾಮನೂ ಹೇಳುವಂತಿಲ್ಲ, ಅವನು ನಡುಮನೆಯಲ್ಲಿ ನೆಂಟರ ನಡುವೆ ತಲೆ ತಗ್ಗಿಸಿ, ಉಂಡ ತಟ್ಟೆ ನೋಡುತ್ತ ಕೂತ. ನಾನು ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತು ಮೂವರ ಮೇಲೂ ಹಲ್ಲು ಕಡಿಯುತ್ತಿದ್ದೆ. ಬಾಯಿ ಬಿಟ್ಟರೆ ಮನೆಯ ಮಾನ ಬೀದಿಗೆ, ಬಿಡದಿದ್ದರೆ ನಾನು ಹಸೆಮಣೆಗೆ. ಆಗ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ನಡುಮನೆಗೆ ಹೋದಳು. "ನನ್ ತಮ್ಮಗೆ ನನ್ ಮಗಳ್ನ ಕೊಡಲ್ಲ," ಅಂದಳು. ಯಾಕೆ ಎಂದು ಎಷ್ಟು ಕೇಳಿದರೂ ಇನ್ನೊಂದು ಮಾತು ಆಡಲಿಲ್ಲ.

ನಾನು ಬಚಾವಾದೆ, ನಾಟಕ ಕಲಿಯುತ್ತೇನೆ ಎಂದು ಊರು ಬಿಟ್ಟೆ. ಅಮ್ಮ ಸಿಕ್ಕಿಬಿದ್ದಳು. ಹಬ್ಬಕ್ಕೆ ಮಾತ್ರ ತಮ್ಮ ಬೇಕು, ಹೆಣ್ಣು ಕೊಡಲು ಬೇಡ, ಎಂಥ ಕಲ್ಲುಮನಸ್ಸು ಎಂದು ನೆಂಟರು ಆಡಿಕೊಂಡರು. ಮದುವೆ ಮುಂಜಿಗಳಲ್ಲಿ ಅವಳನ್ನು ಆರತಿಗೆ ಕರೆಯುವುದನ್ನೂ ಬಿಟ್ಟರು. ಅವಳು ಯಾರಿಗೂ ಎದುರು ಮಾತಾಡಲಿಲ್ಲ.

ಚಿತ್ರದುರ್ಗದ ಪ್ರದರ್ಶನಕ್ಕೆ ಮೂವರೂ ಹೊಸದುರ್ಗದಿಂದ ಬಂದಿದ್ದರು. ಮುಂದಿನ ಸಾಲುಗಳಲ್ಲೇ ಕೂತಿದ್ದರು, ಅಮ್ಮ ಮಧ್ಯೆ. ರಂಗದ ಮೇಲೆ ನನಗಿದ್ದದ್ದು ಒಂದು ಹಳೆಯ ಬಸ್ಸಿನ ಸೀಟು. ಅದರ ಸುತ್ತಲೇ ತಿರುಗಿದೆ. ಅಪ್ಪನಾದೆ, ಮಾಮನಾದೆ, ಮಾಲೀಕನಾದೆ, ಹೊಳಲ್ಕೆರೆಯ ಚಹಾ ಅಂಗಡಿಯವನೂ ಆದೆ. ನನ್ನ ಅಪ್ಪ ಸಲಿಂಗಿ, ಅವನು ಪ್ರೀತಿಸಿದ್ದು ತನ್ನ ಕಂಡಕ್ಟರನನ್ನು ಎಂದು ಬಾಯಿ ತುಂಬ ಹೇಳಿದೆ. ಪಂಚಮಿಯ ದೃಶ್ಯ ಬರುವ ಜಾಗದಲ್ಲಿ ಬಾಯಿ ತಾನಾಗಿ ತೆರೆಯಿತು, ಇಷ್ಟು ಸಲ ಆಡಿದ ಮಾತು ನಾಲಿಗೆಯ ಮೇಲೇ ಇತ್ತು. ನುಂಗಿಕೊಂಡು ಸೀಟಿನಲ್ಲಿ ಕೂತೆ. ತಾಂಬೂಲದ ದೃಶ್ಯವೂ ಹೋಯಿತು. ಉಳಿದ ಹೊತ್ತೆಲ್ಲ ಆ ಸೀಟಿಗೆ ನನ್ನನ್ನು ಯಾರೋ ಕಟ್ಟಿಹಾಕಿದ್ದಾರೆ ಅನ್ನಿಸುತ್ತಿತ್ತು.

ಮುಗಿದ ಮೇಲೆ ಜನ ಚಪ್ಪಾಳೆ ಹೊಡೆದರು. ಬೈಯುತ್ತಾರೆ ಅಂದುಕೊಂಡಿದ್ದೆ, ಯಾರೂ ಬೈಯಲಿಲ್ಲ. ಒಬ್ಬ ಹಳೆಯ ಪ್ರಯಾಣಿಕ ಅಪ್ಪನ ಬಳಿ ಬಂದು ಹೆಗಲು ಮುಟ್ಟಿ ಹೋದ. ಆದರೆ ಹೆಂಗಸರು ಅಮ್ಮನ ಹತ್ತಿರ ಹೋದರು. ಒಬ್ಬೊಬ್ಬರಾಗಿ ಅವಳ ಕೈ ಹಿಡಿದು, ಪಾಪ ಎಂದರು, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನಿಮಗೆ ಗೊತ್ತೇ ಆಗಲಿಲ್ಲವಲ್ಲ ಎಂದು ಲೊಚಗುಟ್ಟಿದರು. ಅಮ್ಮ ಪ್ರತಿಯೊಬ್ಬರಿಗೂ ತಲೆ ಆಡಿಸಿದಳು. ನೋಡುತ್ತಾ ನಿಂತ ನನಗೆ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಅವಳ ಮಾನ ಕಾಯುತ್ತೇನೆ ಎಂದು ಹೊರಟು ಊರಿನ ಎದುರು ಅವಳನ್ನು ಏನೂ ತಿಳಿಯದ ದಡ್ಡಿ ಮಾಡಿದ್ದೆ.

ಅಪ್ಪನೂ ಮಾಮನೂ ಬಸ್‌ಸ್ಟ್ಯಾಂಡಿಗೆ ಹೋಗಲು ಆಟೋ ಹುಡುಕಿಕೊಂಡು ಹೊರಟರು. ಅಮ್ಮ ಗೇಟಿನ ಹತ್ತಿರ ನಿಂತಳು. ಕಾಫಿ ಕುಡಿಯೋಣವೇ ಎಂದೆ. ಬೇಡ ಎಂದಳು.

"ಮಾಲೀಕನ್ನ ಮಾಡ್ದೆ, ಆ ಚಾ ಅಂಗ್ಡಿಯವನ್ನೂ ಮಾಡ್ದೆ. ನಾನೆಲ್ಲಿದ್ನೆ?"

ಅಪ್ಪ ಹಾಕಿದ ಷರತ್ತು ಹೇಳಿದೆ. ನಿನ್ನ ಒಳ್ಳೆಯದಕ್ಕೇ ಎಂದೂ ಸೇರಿಸಿದೆ. ಅವಳು ರಸ್ತೆಯ ಕಡೆ ನೋಡುತ್ತಲೇ ಮಾತಾಡಿದಳು.

"ನಿಮ್ಮಪ್ಪನ್ನ ಕೇಳ್ದೆ. ನನ್ನ ಕೇಳ್ದೇನು? ನಂಗೆ ಮದ್ಲಿಂದ ಎಲ್ಲಾ ಗೊತ್ತಿತ್ತು ಕಣೆ. ಗೊತ್ತಿದ್ದೇ ಮಾಡ್ದೆ, ಎಲ್ಲಾನೂ. ಈಗ್ನೋಡು, ಊರೋರು ಬಂದು ಪಾಪ ಅಂತಾರೆ. ಮುಂದಿನ್ ತಿಂಗ್ಳು ನಮ್ಮ ಹೊಸದುರ್ಗದಾಗೆ ಆಡ್ತೀಯಲ್ಲ, ಅಲ್ಲಿ ನನ್ನ ಹಾಕು."

ಆಗಲಿ ಅನ್ನಬೇಕು ಅನ್ನಿಸಿತು. ಆದರೆ ಹೊರಬಂದದ್ದು ಬೇರೆ ಮಾತು. ಅಪ್ಪನಿಗೆ ಮಾತು ಕೊಟ್ಟಿದ್ದೇನಮ್ಮ ಎಂದೆ.

"ಯಾರಿಗೂ ಹೇಳಲ್ಲ ಅಂತ ನಾನೂ ಕೊಟ್ಟಿದ್ದೆ," ಅಂದಳು ಅಮ್ಮ. "ಅವತ್ತು ನಂಗೆ ನಿನಗಿಂತ ಚಿಕ್ ವಯಸ್ಸು."

ಆಟೋ ಬಂತು. ಮಾಮ ಒಳಗೆ ಸರಿದು ಕೂತ, ಅಪ್ಪ ಕೆಳಗಿಳಿದು ಅವಳಿಗೆ ದಾರಿ ಬಿಟ್ಟ. ಅಮ್ಮ ಹತ್ತಿ ಇಬ್ಬರ ನಡುವಿನ ಜಾಗದಲ್ಲಿ ಕೂತು, ಅಪ್ಪನೂ ಹತ್ತಿದ ಮೇಲೆ, ಹೊರಡಪ್ಪ ಎಂದು ಡ್ರೈವರನಿಗೆ ಹೇಳಿದಳು.