ಉಗುಳುವ ಬಾಯಲ್ಲಿ ಐದನೆಯ ಶೀಲ

ರೋಜಾ ಫ್ರಾನ್ಸಿನ ಕೆಂಪು ವೈನನ್ನು ದಿನಾ ಬಾಯಿಗೆ ಹಾಕಿಕೊಳ್ಳುತ್ತಾಳೆ, ಆದರೆ ಒಂದು ತೊಟ್ಟನ್ನೂ ನುಂಗುವುದಿಲ್ಲ. ಈ ಮಾತನ್ನು ಸೋಮನಾಥಪುರದ ಆಚೆಗಿರುವ ಅವಳ ಊರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಊರಿನ ನಂಬಿಕೆಯಿಂದ ಯಾರ ಮನೆಯ ಒಲೆ ಉರಿದಿದೆ?

ತಾಂಡವಪುರ ದಾಟಿ ನಂಜನಗೂಡಿನ ಕಡೆ ಹೋಗುವಾಗ ಒಂದು ದೊಡ್ಡ ರೆಸಾರ್ಟ್ ಸಿಗುತ್ತದೆ. ರೋಜಾ ಸೇರಿದ್ದು ಅಲ್ಲಿ ತಟ್ಟೆ ಎತ್ತುವ ಕೆಲಸಕ್ಕೆ. ಒಮ್ಮೆ ಫ್ರಾನ್ಸಿನಿಂದ ವೈನ್ ಕಲಿಸುವ ಮೇಷ್ಟ್ರು ಬಂದರು. ತಮ್ಮೂರಲ್ಲಿ ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹುಳಿ ಬರಲು ಬಿಡುವುದು, ಕೆಂಪು ಬರುವುದು ರಸದಿಂದಲ್ಲ ಸಿಪ್ಪೆಯಿಂದ ಎಂಬುದು, ಆಮೇಲೆ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಲಗಿಸಿಡುವುದು, ಎಲ್ಲ ಹೇಳಿ ಕೊನೆಗೆ ಎಲ್ಲರ ಕೈಗೂ ಲೋಟ ಕೊಟ್ಟರು. ಬಾಯಿಗೆ ಹಾಕಿ, ನಾಲಿಗೆಯ ಸುತ್ತ ಹೊರಳಿಸಿ, ಬಕೆಟ್ಟಿಗೆ ಉಗಿಯಬೇಕು. ನುಂಗುತ್ತಾ ಹೋದರೆ ಆಮೇಲಿನ ಲೋಟಗಳ ರುಚಿಯೇ ತಿಳಿಯುವುದಿಲ್ಲ. ಜೊತೆಯವರೆಲ್ಲ ಗಲ್ಲ, ಅಂಗಿ ತುಂಬ ಚೆಲ್ಲಿಕೊಂಡರು. ರೋಜಾ ಉಗಿದದ್ದು ಮಾತ್ರ ಒಂದೇ ಗೆರೆಯಾಗಿ ಬಕೆಟ್ಟಿನ ನಡುವಿಗೇ ಬಿತ್ತು. ಮೇಷ್ಟ್ರು ಚಪ್ಪಾಳೆ ತಟ್ಟಿ, ಎಲ್ಲಿ ಕಲಿತೆ ಎಂದರು. ಎಲೆಅಡಿಕೆ ಹಾಕುವ ಅಜ್ಜಿಯ ಜೊತೆ ಬೆಳೆದವಳಿಗೆ ಇದನ್ನು ಬೇರೆ ಕಲಿಸಬೇಕೇ! ಸಣ್ಣತಾಯಮ್ಮ ಜಗಲಿಯಲ್ಲಿ ಕೂತಲ್ಲಿಂದಲೇ ಅಂಗಳ ದಾಟಿಸಿ ಚರಂಡಿಗೆ ಉಗಿಯುವವರು. ಮೊಮ್ಮಗಳು ಬಾಯಿಗೆ ನೀರು ತುಂಬಿಕೊಂಡು ಅವರ ಜೊತೆ ಪಂದ್ಯ ಕಟ್ಟಿದವಳು.

ಅಂದಿನಿಂದ ವೈನಿನ ಮೇಜು ಅವಳದಾಯಿತು. ಹಳೆಯ ಬಾಟಲಿಯ ತಳದಲ್ಲಿ ಗಸಿ ಕೂತಿರುತ್ತದೆ. ಬಾಟಲಿಯ ಕುತ್ತಿಗೆಯ ಹಿಂದೆ ಮೇಣದಬತ್ತಿ ಹಚ್ಚಿಟ್ಟು, ತಿಳಿಯನ್ನಷ್ಟೇ ಗಾಜಿನ ಹೂಜಿಗೆ ಬಗ್ಗಿಸಿ, ಗಸಿ ಕುತ್ತಿಗೆಗೆ ಬಂದ ಕೂಡಲೇ ಕೈ ನಿಲ್ಲಿಸಬೇಕು. ಅನ್ನದ ಗಂಜಿ ಬಸಿದ ಕೈಗೆ ಅದೇನು ಮಹಾ. ಪರಿಮಳ ಹೇಗಿದೆ ಎಂದು ಯಾರಾದರೂ ಕೇಳಿದರೆ, ತಾನು ಕಾಣದ ಹಣ್ಣುಗಳ ಹೆಸರು ಹೇಳುತ್ತಿರಲಿಲ್ಲ. ನೇರಳೆಹಣ್ಣು, ಮಳೆ ಬಿದ್ದ ತಲಕಾಡಿನ ಮರಳು, ಪೆಟ್ಟಿಗೆಯಲ್ಲಿಟ್ಟ ಹೊಗೆಸೊಪ್ಪು ಎನ್ನುತ್ತಿದ್ದಳು. ಕೆಲವರು ನಗುತ್ತಿದ್ದರು, ಕೆಲವರು ಇನ್ನೊಮ್ಮೆ ಮೂಸುತ್ತಿದ್ದರು.

ಊರಿನ ತಕರಾರೇ ಬೇರೆ. ಅವಳ ಅಪ್ಪ ಮಹದೇವಯ್ಯ ಒಂದು ಕಾಲದಲ್ಲಿ ಕುಡಿದು ಬೀದಿಯಲ್ಲಿ ಬೀಳುತ್ತಿದ್ದವರು. ಕೇರಿಯವರು ಬೌದ್ಧರಾದಾಗ ಅಪ್ಪ ಕುಡಿತ ಬಿಟ್ಟರು, ಬುದ್ಧ ವಿಹಾರದಲ್ಲಿ ಪಂಚಶೀಲ ಹೇಳಿಕೊಡುವ ಹಿರಿಯರಾದರು. ಆದರೆ ಮೊದಲ ಸಲವೇ, ಅಮಲಿನಿಂದ ದೂರವಿರುತ್ತೇನೆ ಎಂಬ ಐದನೆಯ ಶೀಲಕ್ಕೆ ಬಂದಾಗ ನಿಲ್ಲಿಸಿಬಿಟ್ಟರು. "ಇದ್ನ ಏಳೋ ಬಾಯಿ ನಂದಲ್ಲ ಕಣ್ರಪ್ಪ, ನನ್ ಮಗ್ಳು ಏಳ್ಲಿ" ಎಂದು ಪುಟ್ಟ ರೋಜಾಳನ್ನು ಮುಂದೆ ನಿಲ್ಲಿಸಿದರು. ಅದೇ ವಾಡಿಕೆಯಾಯಿತು. ಹುಣ್ಣಿಮೆ ಹುಣ್ಣಿಮೆಗೂ ಐದನೆಯದನ್ನು ರೋಜಾ ಹೇಳುವುದು, ಊರು ಅವಳ ಹಿಂದೆ ಹೇಳುವುದು. ಆ ಸಾಲು ಬಂದಾಗ ಮಹದೇವಯ್ಯ ಮಾತ್ರ ಬರೀ ತುಟಿ ಅಲುಗಿಸುತ್ತಿದ್ದರು.

ಈ ಸಲ ಬುದ್ಧ ಪೂರ್ಣಿಮೆಗೆ ಮುಂಚೆ ವಿಹಾರದ ಸಂಘದ ಕಾರ್ಯದರ್ಶಿ, ಗುರು ಎಂಬ ಹೆಸರಿನವನು, ಮನೆಗೇ ಬಂದ. ಗುರು ಕೆಟ್ಟವನಲ್ಲ, ಬೀಡಿ ಕೂಡ ಸೇದದವನು. ಅದೇ ಕಷ್ಟ.

"ಬೇಜಾರು ಮಾಡ್ಕಬ್ಯಾಡ ಕಣವ್ವ ರೋಜಾ. ಎಂಡ ಬಡಿಸೋ ನೀನು ಶೀಲ ಏಳ್ಕೊಡೋದು ಸರಿಬರಾಕಿಲ್ಲ. ಕುಡಿಯೋದು ಒಂದೇ ಅಲ್ಲ, ಮಾರೋದೂ ತಪ್ಪು ಅಂದವ್ರೆ ಬುದ್ಧರು. ಕೆಲ್ಸ ಬುಡು, ಇಲ್ಲ ಶೀಲ ಏಳೋದ್ ಬುಡು."

"ಎರಡೂ ಬುಡಲ್ಲ ಗುರಣ್ಣ. ನನ್ ಇಂದೆ ಶೀಲ ಏಳ್ಬುಟ್ಟು ಸಂಜಿಕೆ ಎಂಡದ ಪಾಕೀಟು ಕಚ್ಚೋರ್ನ ನೀನು ಏನೂ ಕೇಳಾಕಿಲ್ವಾ? ನುಂಗೋರು ಒಳಗೆ, ಉಗಿಯೋಳು ಒರಗಾ?"

"ಅವ್ರು ಮುಂದೆ ನಿಂತ್ಕಂಡು ಏಳ್ಕೊಡಲ್ವಲ್ಲವ್ವ."

ರೋಜಾಳಿಗೆ ಸಿಟ್ಟು ಇನ್ನಷ್ಟು ಏರಿತು. ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡುತ್ತಿದ್ದರು. ಗುರುವಿನ ಮಾತಿಗಿಂತ ಅದೇ ಹೆಚ್ಚು ನೋಯಿಸಿತು. ಕೇರಿ ಅವಳಿಗೆ ಕೊಟ್ಟಿದ್ದ ಮರ್ಯಾದೆ ಎಂದರೆ ಆ ಒಂದು ಸಾಲು, ಕೈಯಾರೆ ದುಡಿದು ಗಳಿಸಿದ್ದು ಎಂದರೆ ಆ ಕೆಲಸ. ಒಂದಕ್ಕಾಗಿ ಇನ್ನೊಂದನ್ನು ಬಿಡು ಎಂದರೆ ಬಿಡುವ ಜಾತಿಯ ಹೆಣ್ಣಲ್ಲ ಅವಳು.

ಪೂರ್ಣಿಮೆಯ ಬೆಳಿಗ್ಗೆ ವಿಹಾರದಲ್ಲಿ ಎಲ್ಲರದೂ ಬಿಳಿ ಬಟ್ಟೆ. ರೋಜಾ ಬಿಳಿ ಸೀರೆಯನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಎದೆಯ ಮೇಲೆ ದ್ರಾಕ್ಷಿಗೊಂಚಲಿನ ಬಿಲ್ಲೆಯಿದ್ದ ರೆಸಾರ್ಟಿನ ಕಪ್ಪು ಕೋಟು ತೊಟ್ಟು ಬಂದಳು. ಮುಚ್ಚಿಟ್ಟುಕೊಳ್ಳಲು ಅವಳೇನು ಕದ್ದಿದ್ದಳೇ? ಹೆಂಗಸರು ಜಾಗ ಕೊಡಲು ಸರಿದರೋ, ಮೈ ತಾಕದಿರಲೆಂದು ಸರಿದರೋ, ಅವಳು ನೋಡಲು ಹೋಗಲಿಲ್ಲ.

ಮಹದೇವಯ್ಯ ನಾಲ್ಕು ಶೀಲ ಹೇಳಿಕೊಟ್ಟು ನಿಲ್ಲಿಸಿದರು. ಐದನೆಯದಕ್ಕೆ ಗುರು ಎದ್ದ. ಅವನು ಬಾಯಿ ತೆರೆಯುವ ಮೊದಲೇ ರೋಜಾ ಎದ್ದು ನಿಂತು ಗಟ್ಟಿಯಾಗಿ ಹೇಳಿದಳು, ಪಾಳಿ ಭಾಷೆಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ದನಿ ನಡುಗಲಿಲ್ಲ. ಅವಳ ಹಿಂದೆ ಯಾರೂ ಹೇಳಲೂ ಇಲ್ಲ. ಪಾಕೀಟಿನ ಗಂಡಸರು ಗುರುವಿನ ಮುಖ ನೋಡುತ್ತಾ ಕೂತರು. ಅಪ್ಪನ ತುಟಿ ಎಂದಿನಂತೆ ಅಲುಗಿತು, ಸದ್ದು ಬರಲಿಲ್ಲ.

ಆಗ ಗೋಡೆಗೊರಗಿದ್ದ ಸಣ್ಣತಾಯಮ್ಮ ಮಂಡಿ ಹಿಡಿದುಕೊಂಡು ಎದ್ದರು. ಬಾಯಿ ತುಂಬ ಎಲೆಅಡಿಕೆ. ಬಾಗಿಲಿಗೆ ಹೋಗಿ, ಮೆಟ್ಟಿಲ ಬಳಿ ಬಿಟ್ಟಿದ್ದ ಊರಿನವರ ಚಪ್ಪಲಿಗಳ ಮೇಲೆ ಒಂದು ಹನಿಯೂ ಬೀಳದಂತೆ ಆಚೆಯ ಚರಂಡಿಗೆ ಉಗಿದರು. ಸೆರಗಿನಲ್ಲಿ ತುಟಿ ಒರೆಸಿಕೊಂಡು ಬಂದು ಮೊಮ್ಮಗಳ ಪಕ್ಕ ನಿಂತರು.

"ಉಗುಳೋ ಬಾಯಿ ಶೀಲ ಏಳ್ಬಾರ್ದು ಅಂದ್ರೆ ನಾನೂ ಏಳಂಗಿಲ್ವಲ್ಲ ಕಣ್ಲಾ ಗುರು. ನೀನು ಇನ್ನೊಂದ್ ಸಲ ಏಳವ್ವ ರೋಜಾ."

ರೋಜಾ ಹೇಳಿದಳು. ಅಜ್ಜಿ ಅವಳ ಹಿಂದೆ ಹೇಳಿದರು. ಅಜ್ಜಿಯ ದನಿಯ ಮೇಲೆ ಇನ್ನೊಂದು ದನಿ ಕೇಳಿತು, ಒಡಕು ದನಿ. ರೋಜಾ ತಿರುಗಿ ನೋಡಿದಳು. ಮಹದೇವಯ್ಯ ಕಣ್ಣು ಮುಚ್ಚಿಕೊಂಡು, ಆ ಸಾಲನ್ನು ಬದುಕಿನಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು ಹೇಳುತ್ತಿದ್ದರು. ಗುರು ಕೂತ.

ಮುಗಿದ ಮೇಲೆ ರೋಜಾ ಚಪ್ಪಲಿ ಮೆಟ್ಟಿಕೊಂಡಳು. ನಂಜನಗೂಡಿನ ಬಸ್ಸಿಗೆ ಹೊತ್ತಾಗಿತ್ತು.

"ತಡಿಯವ್ವ, ಬಸ್ ಸ್ಟಾಂಡ್ ಗಂಟ ನಾನೂ ಬತ್ತೀನಿ" ಎಂದರು ಅಪ್ಪ. ಕಪ್ಪು ಕೋಟಿನ ಮಗಳ ಪಕ್ಕದಲ್ಲಿ, ತಾವು ಒಂದು ಕಾಲದಲ್ಲಿ ಬೀಳುತ್ತಿದ್ದ ಅದೇ ಬೀದಿಯ ನಟ್ಟನಡುವೆ, ತಲೆ ಎತ್ತಿಕೊಂಡು ನಡೆದರು.