ಲೋಲಾಕ್ಷಿ ಮೆಂಬರಾಗಿದ್ದ ಐದು ವರ್ಷ

ಗುತ್ತಿಗಾರಿನ ನಮ್ಮ ವಾರ್ಡಿನ ಪಂಚಾಯತ್ ಸೀಟು ಮಹಿಳೆಗೆ ಮೀಸಲಾದಾಗ ಲೋಲಾಕ್ಷಿಯನ್ನು ನಿಲ್ಲಿಸಿದ್ದು ನಾನೇ. ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿಗೆ ಹೋಗುವ ಹೆಂಗಸು, ಹೇಳಿದಲ್ಲಿ ಸಹಿ ಹಾಕುತ್ತಾಳೆ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅಲ್ಲಿಯವರೆಗೆ ವಾರ್ಡ್ ಸಭೆ ಕೆಲಸದ ದಿನ ಹನ್ನೊಂದಕ್ಕೆ, ಶಾಲೆಯಲ್ಲಿ. ಕೂಲಿಗೆ ಹೋದವರು ಬರುವಂತಿರಲಿಲ್ಲ. ನಾವು ತೋಟದವರು ನಾಲ್ಕು ಜನ ಕೂತು ಮುಗಿಸುತ್ತಿದ್ದೆವು. ಅವಳು ಭಾನುವಾರ ಸಂಜೆಗೆ ಇಟ್ಟಳು. ಒಮ್ಮೆ ಗುಡ್ಡದ ಮೇಲಿನ ಕಾಲನಿಯಲ್ಲಿ, ಒಮ್ಮೆ ಬೀಡಿ ಕಟ್ಟುವ ಫಸೀಲಾಳ ಅಂಗಳದಲ್ಲಿ, ಒಮ್ಮೆ ನನ್ನ ಜಗಲಿಯಲ್ಲಿ. ರಸ್ತೆಯಿಂದ ಯಾರ ಮನೆ ದೂರವೋ ಅವರೇ ಮೊದಲು ಮಾತಾಡಬೇಕು. ನನ್ನದು ರಸ್ತೆ ಬದಿಯ ಮನೆ, ಸರದಿ ಬರುವಾಗ ಚಹಾ ಆರಿರುತ್ತಿತ್ತು.

ಹೊಸ ಟ್ಯಾಂಕಿನ ನೀರಿನ ಮಾತು ಬಂತು. ಬಂದ ಪೈಪು ತೋಟದ ಮನೆಗಳಿಗೆ ಇಲ್ಲವೇ ಕಾಲನಿಗೆ, ಎರಡರಲ್ಲಿ ಒಂದಕ್ಕೆ ಸಾಕಾಗುವಷ್ಟೇ ಇತ್ತು. ತನ್ನ ಹೆಂಡತಿ ಕೊಡ ಹೊತ್ತು ಗುಡ್ಡ ಹತ್ತುವಾಗ ಎರಡು ಸಲ ಬಿದ್ದಳೆಂದು ಕಾಲನಿಯ ಗುರುವಪ್ಪ ಹೇಳಿದ.

"ಭಟ್ರೆ, ನಿಮಗೆ ಬಾವಿ ಉಂಟು. ಪೈಪು ಮೇಲೆ ಹೋಗ್ಲಿ," ಎಂದಳು ಲೋಲಾಕ್ಷಿ.

"ನಿನ್ನನ್ನು ನಿಲ್ಲಿಸಿದ್ದು ಯಾರು, ನೆನಪುಂಟಾ?"

"ಉಂಟು. ಓಟು ಹಾಕಿದ್ದು ನೀವೊಬ್ರೇ ಅಲ್ಲ ಅಲ್ವಾ?"

ಪೈಪು ಕಾಲನಿಗೇ ಹೋಯಿತು. ಎರಡು ವರ್ಷ ಅವಳಲ್ಲಿ ಮಾತು ಬಿಟ್ಟೆ. ಸಭೆಗೂ ಹೋಗಲಿಲ್ಲ. ಅವಳು ಮಾತ್ರ ಎದುರು ಸಿಕ್ಕಾಗಲೆಲ್ಲ "ಊಟ ಆಯ್ತಾ ಭಟ್ರೆ" ಎಂದು ಕೇಳುತ್ತಿದ್ದಳು.

ಮೂರನೇ ಬೇಸಿಗೆಗೆ ನನ್ನ ಬಾವಿ ಬತ್ತಿತು. ಹೆಂಡತಿ ವಸುಮತಿ ಕೊಡ ಹಿಡಿದು ರಸ್ತೆಗಿಳಿದ ದಿನ ನಾನು ಮರ್ಯಾದೆ ನುಂಗಿಕೊಂಡು ಲೋಲಾಕ್ಷಿಯ ಮನೆಗೆ ಹೋದೆ. ಅವಳು ರಬ್ಬರ್ ಶೀಟು ಒಣಗಲು ಹಾಕುತ್ತಿದ್ದಳು.

"ನಿಮ್ಮ ಗೇಟಿನ ಬಲಕ್ಕೆ ಒಂದು ಮೊಳ ಅಗೆಸಿ ನೋಡಿ," ಎಂದಳು. "ಪೈಪು ಅದರ ಎದುರೇ ಹೋಗುದಲ್ವಾ? ಆಗ್ಲೇ ಒಂದು ಕವಲು ಬಿಡಿಸಿ ಮುಚ್ಚಳ ಹಾಕಿಸಿದ್ದೆ. ಸಭೆಯಲ್ಲಿ ಕೇಳಿದೆ, ಮೊದಲು ಆಗ್ಬಹುದು ಹೇಳಿದ್ದು ಗುರುವಪ್ಪ. ನಿಮಗೆ ಹೇಳ್ಲಿಕ್ಕೆ ಎಷ್ಟು ಸಲ ನೋಡಿದೆ, ನೀವು ಮುಖ ತಿರುಗಿಸಿದ್ರಿ ಮಾರಾಯ್ರೆ."

ಮನೆಗೆ ಬಂದು ಅಗೆಸಿದಾಗ ಮುಚ್ಚಳ ಸಿಕ್ಕಿತು. ನಾಚಿಕೆಯಾಯಿತು.

ಮುಂದಿನ ಸಲ ಮೀಸಲಾತಿ ಬದಲಾಗಿ ಬೇರೆಯವರು ಮೆಂಬರಾದರು. ಲೋಲಾಕ್ಷಿ ಈಗಲೂ ಬೆಳಗ್ಗೆ ಟ್ಯಾಪಿಂಗಿಗೆ ಹೋಗುತ್ತಾಳೆ. ಆ ಭಾನುವಾರದ ಸಂಜೆಗಳು ನೆನಪಾದರೆ, ಆರಿದ ಆ ಚಹಾ ಕೂಡ ಬೇಕೆನಿಸುತ್ತದೆ.

ಸಭೆ ಮತ್ತೆ ಹನ್ನೊಂದಕ್ಕೆ, ಶಾಲೆಯಲ್ಲಿ. ಮೊನ್ನೆ ಹೊಸ ಮೆಂಬರು ಮೊದಲು ಮಾತಾಡಲು ನನ್ನನ್ನೇ ಕರೆದರು. ಎದ್ದು ನಿಂತು ಗುರುವಪ್ಪನನ್ನು ಹುಡುಕಿದೆ. ಇರಲಿಲ್ಲ, ಕೂಲಿಗೆ ಹೋಗಿದ್ದ.

"ನಾನು ಎಂತ ಹೇಳುದು? ಭಾನುವಾರ ಸಂಜೆ ಕಾಲನಿಯಲ್ಲಿ ಇಡಿ. ಗುರುವಪ್ಪ ಹೇಳಿದ ಮೇಲೆ ನಾನು ಹೇಳ್ತೇನೆ," ಎಂದು ಕೂತೆ.